ಜಿಮ್ನಾಸ್ಟಿಕ್ಸ್ ಮಾಡುವ ಮಗಳ ಮಣಿಗಂಟು ನೋವು: ರೆಸ್ಟ್ ಮಾಡಿದರೂ ಮತ್ತೆ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳಿಗೆ 12 ವರ್ಷ, ಏಳನೇ ತರಗತಿ. ಸಣ್ಣವಳಿದ್ದಾಗಿನಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ, ಈಗ ವಾರಕ್ಕೆ ಐದು ದಿನ ಹೋಗುತ್ತಾಳೆ. ಕಳೆದ ಮಳೆಗಾಲದಿಂದ ಬಲಗೈಯ ಮಣಿಗಂಟಿನಲ್ಲಿ ನೋವು. ಉಳುಕಿರಬೇಕು ಅಂತ ಮುರಿವೆಣ್ಣೆ (ಉಳುಕು, ಪೆಟ್ಟಿಗೆ ಹಚ್ಚುವ ಆಯುರ್ವೇದದ ಎಣ್ಣೆ) ಹಾಕಿ ತಿಕ್ಕಿಸಿದೆವು, ಕಡಿಮೆಯಾಗಲಿಲ್ಲ. ಮಂಗಳೂರಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಎಲುಬು ಬೆಳೆಯುವ ಜಾಗ ಅಗಲವಾಗಿದೆ, ಆರು ವಾರ ರೆಸ್ಟ್ ಬೇಕು ಅಂದರು. ಆರು ವಾರ ಕೈ ಊರಲಿಲ್ಲ, ನೋವು ಪೂರ್ತಿ ಹೋಯಿತು. ಫಿಸಿಯೋಥೆರಪಿಯಲ್ಲಿ ಮೇಣದ ಶಾಖ ಕೊಟ್ಟು ಸ್ಪಾಂಜ್ ಚೆಂಡು ಹಿಸುಕಿಸಿದರು. ಆದರೆ ತರಬೇತಿಗೆ ಮರಳಿದ ಎರಡನೇ ವಾರಕ್ಕೇ ಮತ್ತೆ ಅದೇ ನೋವು. ಮನೆಯವರು ಬಿಟ್ಟುಬಿಡಲಿ ಅನ್ನುತ್ತಾರೆ. ಕೋಚ್ ಬ್ಯಾಂಡೇಜ್ ಬಿಗಿದು ಮಾಡಬಹುದು ಅನ್ನುತ್ತಾರೆ. ಅವಳಿಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಬಿಡಿಸುವ ಅಗತ್ಯ ಈಗ ಕಾಣುವುದಿಲ್ಲ. ಬ್ಯಾಂಡೇಜ್ ಕಟ್ಟಿ ಮುಂದುವರಿಸುವುದಂತೂ ಖಂಡಿತ ಬೇಡ. ಆರು ವಾರ ಕೈ ಊರಬಾರದು ಅಂದದ್ದು ಸರಿಯಾದ ಸಲಹೆ, ನಿಮ್ಮ ಮಗಳು ಅದನ್ನು ಪಾಲಿಸಿದ್ದೂ ದೊಡ್ಡ ವಿಷಯ. ತಪ್ಪಿಹೋದದ್ದು ಅದರ ನಂತರದ ಭಾಗ. ರೆಸ್ಟ್ ಮುಗಿದ ದಿನಕ್ಕೂ ಪೂರ್ತಿ ತರಬೇತಿ ಶುರುವಾಗುವ ದಿನಕ್ಕೂ ನಡುವೆ ಎರಡು ಮೂರು ತಿಂಗಳ ಕೆಲಸ ಇರಬೇಕಿತ್ತು. ಅದು ನಡೆಯಲೇ ಇಲ್ಲ. ಚೆಂಡು ಹಿಸುಕಿದ ಕೈ ಪೆನ್ನು ಹಿಡಿಯಲು, ಬಕೆಟ್ ಎತ್ತಲು ತಯಾರಾಗುತ್ತದೆ. ನಿಮ್ಮ ಮಗಳ ಕೈಗೆ ಬೇಕಾದದ್ದು ಇಡೀ ಮೈಯ ಭಾರವನ್ನು, ಓಡಿಬಂದ ವೇಗದ ಸಮೇತ, ಕಣ್ಣು ಮಿಟುಕಿಸುವಷ್ಟರಲ್ಲಿ ತಡೆದು ನೆಲದಿಂದ ಮೇಲಕ್ಕೆ ತಳ್ಳುವ ಶಕ್ತಿ. ಈ ಎರಡಕ್ಕೂ ಸಂಬಂಧವೇ ಇಲ್ಲ.

ಒಳಗೆ ಏನಾಗಿದೆ ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಮುಂಗೈಯಲ್ಲಿ ಎರಡು ಎಲುಬುಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಅಂಗೈ ಊರಿದಾಗ ಬರುವ ಭಾರದಲ್ಲಿ ಸುಮಾರು ಶೇಕಡಾ 80ರಷ್ಟನ್ನು ರೇಡಿಯಸ್ ಒಂದೇ ಹೊರುತ್ತದೆ. ಮಕ್ಕಳಲ್ಲಿ ಈ ಎಲುಬಿನ ತುದಿಯಿಂದ ಸ್ವಲ್ಪ ಹಿಂದಕ್ಕೆ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ, ಅದೇ ಗ್ರೋತ್ ಪ್ಲೇಟ್. ರೇಡಿಯಸ್ ಉದ್ದವಾಗುವುದರಲ್ಲಿ ಮುಕ್ಕಾಲು ಪಾಲು ಈ ಪದರದ ಕೆಲಸ. ಅಡಿಕೆ ಮರಕ್ಕೆ ಸುಳಿ ಇದ್ದ ಹಾಗೆ: ಇಡೀ ಬೆಳವಣಿಗೆ ಅಲ್ಲೇ, ಎಲ್ಲಕ್ಕಿಂತ ಎಳೆಯ ಭಾಗವೂ ಅದೇ. ದೊಡ್ಡವರು ಕೈ ಊರಿ ಬಿದ್ದರೆ ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ಪಟ್ಟಿ) ಹರಿಯಬಹುದು. ಬೆಳೆಯುವ ಮಗುವಿನಲ್ಲಿ ಲಿಗಮೆಂಟಿಗಿಂತ ಈ ಪದರವೇ ದುರ್ಬಲ. ಹಿಂದಕ್ಕೆ ಜಿಗಿದು ಕೈ ಊರಿ ಉರುಳುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್‌ನಲ್ಲಿ ಕೈಗಳ ಮೇಲೆ ದೇಹತೂಕದ ಎರಡು ಪಟ್ಟನ್ನೂ ಮೀರಿದ ಹೊಡೆತ ಬೀಳುತ್ತದೆ. ಒಮ್ಮೆ ಬಿದ್ದರೆ ಏನೂ ಆಗುವುದಿಲ್ಲ. ದಿನವೂ ನೂರಾರು ಸಲ ಬಿದ್ದು, ಸುಧಾರಿಸಿಕೊಳ್ಳಲು ಬಿಡುವು ಸಿಗದಿದ್ದರೆ ಪದರ ಅಗಲವಾಗುತ್ತದೆ, ಅಂಚು ಒರಟಾಗುತ್ತದೆ. ಎಕ್ಸ್‌ರೇಯಲ್ಲಿ ಕಂಡದ್ದು ಅದೇ. ಇದಕ್ಕೆ ಜಿಮ್ನಾಸ್ಟ್ ರಿಸ್ಟ್ ಅನ್ನುತ್ತಾರೆ. ಕೈಯನ್ನೇ ಕಾಲಾಗಿ ಬಳಸುವ ಈ ಆಟದಲ್ಲಿ ಇದು ಅಪರೂಪದ ಕಾಯಿಲೆಯೇನೂ ಅಲ್ಲ.

ಸಕಾಲಕ್ಕೆ ನೋಡಿಕೊಂಡರೆ ಇದು ಪೂರ್ತಿ ಗುಣವಾಗುತ್ತದೆ. ನೋವು ನುಂಗಿಕೊಂಡು ವರ್ಷಗಟ್ಟಲೆ ಮಾಡಿದರೆ ಮಾತ್ರ ಆ ಪದರ ಅವಧಿಗೆ ಮೊದಲೇ ಮುಚ್ಚಿಹೋಗುವ ಅಪಾಯ ಇದೆ. ಆಗ ರೇಡಿಯಸ್ ಗಿಡ್ಡವಾಗಿಯೇ ಉಳಿದು ಪಕ್ಕದ ಅಲ್ನಾ ಬೆಳೆಯುತ್ತಾ ಹೋಗುತ್ತದೆ. ಉದ್ದವಾದ ಅಲ್ನಾ ಕಿರುಬೆರಳಿನ ಕಡೆಯ ಕೀಲಿಗೆ ಒತ್ತಿ, ಅಲ್ಲಿನ ಮೃದ್ವಸ್ಥಿಯನ್ನು ಹರಿಯುತ್ತದೆ. ಆ ನೋವು ಆಟ ಬಿಟ್ಟ ಮೇಲೂ ಬಿಡುವುದಿಲ್ಲ. ಬ್ಯಾಂಡೇಜ್ ಕಟ್ಟಿ ಮಾಡುವುದು ಬೇಡ ಅಂತ ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಇದಕ್ಕಾಗಿ.

ಎಣ್ಣೆಯ ವಿಷಯ. ನಮ್ಮ ಕಡೆ ಕೈಕಾಲು ನೋವು ಅಂದ ಕೂಡಲೇ ಮುರಿವೆಣ್ಣೆ ಬಾಟಲಿ ಹೊರಗೆ ಬರುತ್ತದೆ, ಕಳರಿ ಸಮರಕಲೆಯ ಗುರುಗಳ ಹತ್ತಿರ ಉಳಿಚ್ಚಿಲ್‌ಗೆ (ಎಣ್ಣೆ ಹಚ್ಚಿ ತಿಕ್ಕುವುದಕ್ಕೆ) ಕರೆದುಕೊಂಡು ಹೋಗುವವರೂ ಇದ್ದಾರೆ. ದಣಿದ ಸ್ನಾಯುವಿಗೆ ಅದರಿಂದ ಹಿತವಾಗುತ್ತದೆ, ಮುಂಗೈಯ ಮಾಂಸಖಂಡಕ್ಕೆ ಹಗುರವಾಗಿ ಹಚ್ಚಲು ನನ್ನ ತಕರಾರಿಲ್ಲ. ಆದರೆ ಮಣಿಗಂಟಿನ ಎಲುಬಿನ ಮೇಲೆ ಹೆಬ್ಬೆರಳು ಊರಿ ತಿಕ್ಕುವುದು, ನೆಟಿಗೆ ತೆಗೆಯುವುದು, ಹಿಂದಕ್ಕೆ ಮಡಚಿ ಎಳೆಯುವುದು ಬೇಡವೇ ಬೇಡ. ಅಲ್ಲಿ ಸರಿಪಡಿಸಲು ಜಾರಿದ ಎಲುಬೂ ಇಲ್ಲ, ಗಂಟು ಕಟ್ಟಿದ ನರವೂ ಇಲ್ಲ.

ಈಗ ಥೆರಪಿಗೆ ಬರೋಣ. ಜಿಮ್ನಾಸ್ಟ್ ಬಂದರೆ ನೋಯುವ ಜಾಗ ಮುಟ್ಟುವ ಮೊದಲು ಅವಳು ಕೈಯನ್ನು ನೆಲಕ್ಕೆ ಹೇಗೆ ಇಡುತ್ತಾಳೆ ಅಂತ ನೋಡಬೇಕು. ಚಾಪೆಯ ಮೇಲೆ ಮಂಡಿಯೂರಿ ಎರಡೂ ಅಂಗೈ ಊರಲು ಹೇಳಿ, ಪಕ್ಕದಲ್ಲೇ ಕೂತು ಬೆರಳುಗಳನ್ನು ಗಮನಿಸಿ. ಮಣಿಗಂಟು ನೋಯುವ ಹೆಚ್ಚಿನ ಮಕ್ಕಳಲ್ಲಿ ಬೆರಳ ತುದಿಗಳು ನೆಲಕ್ಕೆ ತಾಗಿಯೂ ತಾಗದ ಹಾಗೆ ಸುಮ್ಮನೆ ಇರುತ್ತವೆ, ಭಾರವೆಲ್ಲ ಅಂಗೈಯ ಬುಡದ ಮೇಲೆ ಕೂತಿರುತ್ತದೆ. ಒಂದು ಕಾಗದದ ಚೂರನ್ನು ಬೆರಳ ತುದಿಯ ಕೆಳಗೆ ತೂರಿಸಿದರೆ ಸಲೀಸಾಗಿ ಹೋಗುತ್ತದೆ. ಇನ್ನು "ಬೆರಳಿನಿಂದ ನೆಲವನ್ನು ಹಿಡಿ" ಅಂತ ಹೇಳಿ. ಬೆರಳ ಮೊದಲ ಗೆಣ್ಣು ಸ್ವಲ್ಪ ಮೇಲೆದ್ದು, ಉಗುರಿನ ತುದಿ ಬಿಳಿಚಿಕೊಂಡು, ಮುಂಗೈಯ ಒಳಭಾಗದ ಸ್ನಾಯು ಬಿಗಿಯಾಗುವುದು ಕಾಣುತ್ತದೆ. ಕಾಗದ ಈಗ ಹೋಗುವುದಿಲ್ಲ. ಅಷ್ಟಾದರೆ ಮಣಿಗಂಟು ಅತಿಯಾಗಿ ಹಿಂದಕ್ಕೆ ಮಡಚುವುದನ್ನು ಸ್ನಾಯು ತಡೆಹಿಡಿಯುತ್ತದೆ, ಎಲುಬಿನ ಮೇಲಿನ ಹೊಡೆತದ ಒಂದು ಪಾಲನ್ನು ಸ್ನಾಯುವೇ ತೆಗೆದುಕೊಳ್ಳುತ್ತದೆ. ನಿಮ್ಮ ಮಗಳ ಥೆರಪಿ ಶುರುವಾಗಬೇಕಾದದ್ದು ಇಲ್ಲಿಂದ.

ಎರಡನೆಯದು ಭುಜ. ಮಣಿಗಂಟಿನ ನೋವಿಗೆ ಭುಜ ನೋಡುವುದು ಯಾಕೆ ಅಂತ ತಂದೆತಾಯಿ ಕೇಳುತ್ತಾರೆ. ಗೋಡೆಗೆ ಬೆನ್ನು, ಸೊಂಟ ಒರಗಿಸಿ ನಿಲ್ಲಿಸಿ, ಮೊಣಕೈ ಮಡಚದೆ, ಸೊಂಟ ಮುಂದಕ್ಕೆ ಬರದ ಹಾಗೆ ಕೈ ಮೇಲೆತ್ತಲಿ. ಎರಡೂ ಕೈ ಕಿವಿಯ ಪಕ್ಕದಿಂದ ಹೋಗಿ ಗೋಡೆ ಮುಟ್ಟಬೇಕು. ಮುಟ್ಟದಿದ್ದರೆ, ಕೈ ಊರಿ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡಿನಲ್ಲಿ ಭುಜ ಅಂಗೈಯ ನೇರಕ್ಕೆ ಬಾರದೆ ಮುಂದಕ್ಕೆ ವಾಲುತ್ತದೆ. ಆಗ ಮಣಿಗಂಟು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಲೇಬೇಕು, ಇಲ್ಲವಾದರೆ ಸೊಂಟ ಬಗ್ಗಬೇಕು. ಭುಜ ಬಿಗಿ ಇರುವ ಎಷ್ಟೋ ಮಕ್ಕಳಲ್ಲಿ ಈ ವರ್ಷ ಮಣಿಗಂಟು, ಮುಂದಿನ ವರ್ಷ ಸೊಂಟ ಅಂತ ನೋವು ಜಾಗ ಬದಲಾಯಿಸುತ್ತದೆ. ಎತ್ತರ ಬೇಗ ಬೇಗ ಹೆಚ್ಚುವ ವಯಸ್ಸಿನಲ್ಲಿ ಎಲುಬು ಮುಂದೆ ಓಡಿ ಸ್ನಾಯು ಹಿಂದೆ ಉಳಿಯುವುದರಿಂದ ಈ ಬಿಗಿತ ಇನ್ನೂ ಜಾಸ್ತಿ. ಹಾಗಾಗಿ ಎದೆಯ ಭಾಗದ ಬೆನ್ನುಮೂಳೆ ಮತ್ತು ಭುಜ ಸಡಿಲಿಸುವ ವ್ಯಾಯಾಮ ಕೈ ಊರದ ದಿನಗಳಲ್ಲೇ ಮಾಡಿಸಬಹುದು.

ಕೈ ಊರದ ದಿನಗಳು ಅಂದೆ. ನೋವು ಮರಳಿರುವುದರಿಂದ ಆ ಹಂತಕ್ಕೆ ಮತ್ತೆ ಹೋಗಲೇಬೇಕು. ಎಷ್ಟು ದಿನ ಅಂತ ಕ್ಯಾಲೆಂಡರ್ ನೋಡಿ ಹೇಳುವ ಹಾಗಿಲ್ಲ, ಕೆಲವರಿಗೆ ಆರು ವಾರ, ಕೆಲವರಿಗೆ ಮೂರು ತಿಂಗಳು ಮೀರುತ್ತದೆ. ಎಲುಬಿನ ಆ ಜಾಗವನ್ನು ಬೆರಳಿನಿಂದ ಒತ್ತಿದರೂ ನೋಯಬಾರದು, ಮಣಿಗಂಟನ್ನು ಹಿಂದಕ್ಕೆ ಪೂರ್ತಿ ಮಡಚಿದರೂ ನೋಯಬಾರದು. ಆದರೆ ದಯವಿಟ್ಟು ಅವಳನ್ನು ಮನೆಯಲ್ಲಿ ಕೂರಿಸಬೇಡಿ. ಕಾಲಿನ ಬಲ, ಜಿಗಿದು ನಿಲ್ಲುವ ಲ್ಯಾಂಡಿಂಗ್, ಹೊಟ್ಟೆ ಮತ್ತು ಸೊಂಟದ ಬಲ, ಬೀಮಿನ (ಸಮತೋಲನದ ಕಿರಿದಾದ ದಿಮ್ಮಿ) ಮೇಲೆ ಕೈ ಊರದೆ ಮಾಡುವ ಲೀಪ್, ಟರ್ನ್, ನಡಿಗೆ, ಫ್ಲೋರಿನ ನೃತ್ಯದ ಭಾಗ, ಇದಿಷ್ಟೇ ಒಂದು ಗಂಟೆಯ ತರಬೇತಿಗೆ ಧಾರಾಳ ಸಾಕು. ಬಾರಿನ ಅಡ್ಡಕಂಬಿಯಲ್ಲಿ ಸುಮ್ಮನೆ ನೇತಾಡಿದಾಗ ಮಣಿಗಂಟು ಒತ್ತಿಕೊಳ್ಳುವುದಿಲ್ಲ, ಹಿಗ್ಗುತ್ತದೆ. ಹಾಗಾಗಿ ನೋವಿಲ್ಲದಿದ್ದರೆ, ನೆಲದ ಮೇಲೆ ಕೈ ಊರುವುದಕ್ಕಿಂತ ಎಷ್ಟೋ ಮುಂಚೆ ಬಾರಿಗೆ ಹೋಗಬಹುದು. ಗೆಳತಿಯರ ಜತೆ ಅದೇ ಹಾಲ್‌ನಲ್ಲಿ ಬೆವರು ಹರಿಸಿದ ಮಗು ಕಾಯುತ್ತದೆ. ಮನೆಯಲ್ಲಿ ಕೂತ ಮಗು ಯಾರಿಗೂ ಹೇಳದೆ ರೂಮಿನ ಬಾಗಿಲು ಹಾಕಿಕೊಂಡು ಹ್ಯಾಂಡ್‌ಸ್ಟ್ಯಾಂಡ್ ಮಾಡುತ್ತದೆ.

ನೋವು ಹೋದ ಮೇಲಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಫಿಸಿಯೋಗೆ ಇದನ್ನು ತೋರಿಸಿ, ಅವರು ಅವಳ ಕೈ ನೋಡಿಕೊಂಡು ಹಿಂದೆ ಮುಂದೆ ಮಾಡಲಿ. ಮೊದಲು ಮುಂಗೈಗೆ ಬಲ. ಒಂದು ಆಳವಾದ ಬಕೆಟ್‌ನಲ್ಲಿ ಅಕ್ಕಿ ತುಂಬಿ, ಮಣಿಗಂಟು ಮುಳುಗುವಷ್ಟು ಕೈ ಇಳಿಸಿ, ಮುಷ್ಟಿ ಕಟ್ಟುವುದು, ಬೆರಳು ಅಗಲಿಸುವುದು, ತಿರುಗಿಸುವುದು. ಖರ್ಚಿಲ್ಲದ ಒಳ್ಳೆಯ ಸಾಧನ ಇದು. ಅದರ ಜತೆ ಸಣ್ಣ ಡಂಬೆಲ್ ಹಿಡಿದು ಮಣಿಗಂಟನ್ನು ಮೇಲೆತ್ತಿ, ಇಳಿಸುವಾಗ ನಿಧಾನ ಇಳಿಸುವುದು. ನೆಲದ ಹೊಡೆತ ತಡೆಯುವಾಗ ಸ್ನಾಯು ಮಾಡುವ ಕೆಲಸ ಅದೇ ಆದ್ದರಿಂದ ಇಳಿಸುವ ಭಾಗ ಹೆಚ್ಚು ಮುಖ್ಯ. ಇದಾಗುತ್ತಿರುವಾಗಲೇ ಮುಷ್ಟಿಯ ಮೇಲೆ ಪ್ಲಾಂಕ್ (ಕೈ, ಕಾಲ್ಬೆರಳು ಊರಿ ಮೈ ನೇರ ಹಿಡಿಯುವುದು) ಅಥವಾ ಡಂಬೆಲ್ ಹಿಡಿಕೆಯ ಮೇಲೆ ಪುಷ್‌ಅಪ್ ಮಾಡಿಸಬಹುದು. ಮಣಿಗಂಟು ಮಡಚದೆ ನೇರ ಇರುವುದರಿಂದ ಭುಜ, ಎದೆ, ಮೊಣಕೈಗಳಿಗೆ ಭಾರ ಹೊರುವ ಅಭ್ಯಾಸ ತಪ್ಪುವುದಿಲ್ಲ.

ಆಮೇಲೆ ಅಂಗೈ. ಮೊದಲು ಗೋಡೆಗೆ ಅಂಗೈ ಊರಿ ಒರಗುವುದು. ನಂತರ ಮೇಜಿನ ಅಂಚಿಗೆ, ನಂತರ ಮಂಡಿಯೂರಿ ನೆಲಕ್ಕೆ, ಬೆರಳಿನಿಂದ ನೆಲ ಹಿಡಿಯುತ್ತಾ ಮೈಯನ್ನು ಹಿಂದೆ ಮುಂದೆ ತೂಗುವುದು. ಅದು ಸಲೀಸಾದರೆ ಪ್ಲಾಂಕ್, ಪ್ಲಾಂಕಿನಲ್ಲಿ ಒಂದು ಕೈ ಎತ್ತಿ ಭುಜ ಮುಟ್ಟುವುದು, ಕೈಕಾಲು ಊರಿ ನಡೆಯುವ ಕರಡಿ ನಡಿಗೆ. ಇಲ್ಲಿಯ ತನಕ ಬಂದ ಮೇಲಷ್ಟೇ ಕಾಲನ್ನು ಎತ್ತರದ ಪೆಟ್ಟಿಗೆಯ ಮೇಲಿಟ್ಟು ಅರ್ಧ ಹ್ಯಾಂಡ್‌ಸ್ಟ್ಯಾಂಡ್, ಗೋಡೆಗೆ ಮುಖ ಮಾಡಿ ಪೂರ್ತಿ ಹ್ಯಾಂಡ್‌ಸ್ಟ್ಯಾಂಡ್. ಇದೆಲ್ಲ ನಿಂತ ಭಾರ. ಬೀಳುವ ಭಾರಕ್ಕೆ ಹೋಗುವ ಮೊದಲು ಒಂದು ಮೆಟ್ಟಿಲು ಬಹಳ ಜನ ಹಾರಿಬಿಡುತ್ತಾರೆ: ಗೋಡೆಗೆ ಒಂದು ಹೆಜ್ಜೆ ದೂರ ನಿಂತು ಮುಂದಕ್ಕೆ ಬಿದ್ದು ಅಂಗೈಯಿಂದ ತಡೆದು ತಳ್ಳುವುದು. ಅದೇ ಮಂಡಿಯೂರಿ ಮೆತ್ತನೆ ಮ್ಯಾಟಿನ ಮೇಲೆ. ಅದೇ ಹ್ಯಾಂಡ್‌ಸ್ಟ್ಯಾಂಡಿನಲ್ಲಿ ಭುಜದಿಂದ ಸಣ್ಣಗೆ ಪುಟಿಯುವುದು. ವೇಗವಾಗಿ ಬರುವ ಹೊಡೆತಕ್ಕೆ ಎಲುಬು, ಸ್ನಾಯು ಎರಡೂ ಒಗ್ಗಬೇಕಾದದ್ದು ಇಲ್ಲಿ. ಪ್ಲಾಂಕ್ ಎರಡು ನಿಮಿಷ ನಿಂತಳು ಅಂತ ನೇರ ವಾಲ್ಟಿಗೆ (ಓಡಿಬಂದು ಕೈ ಊರಿ ಮೇಜನ್ನು ಹಾರುವುದಕ್ಕೆ) ಕಳಿಸಿದರೆ ನೋವು ಮರಳುವುದು ಇದೇ ಕಾರಣಕ್ಕೆ.

ಕೌಶಲಗಳಿಗೆ ಮರಳುವಾಗ ಕಾರ್ಟ್‌ವೀಲ್ (ಪಕ್ಕಕ್ಕೆ ಚಕ್ರದ ಹಾಗೆ ಉರುಳುವುದು) ಮೊದಲು, ರೌಂಡ್ ಆಫ್ (ಅದನ್ನೇ ವೇಗವಾಗಿ ಮಾಡಿ ಎರಡೂ ಕಾಲಲ್ಲಿ ಒಟ್ಟಿಗೆ ಇಳಿಯುವುದು) ನಂತರ, ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಅದಾದ ಮೇಲೆ, ಅದೂ ಟ್ರಾಂಪೊಲಿನ್ ಅಥವಾ ಮೆತ್ತನೆ ಮ್ಯಾಟಿನಲ್ಲಿ. ವಾಲ್ಟ್ ಎಲ್ಲಕ್ಕಿಂತ ಕೊನೆಗೆ. ರೌಂಡ್ ಆಫ್‌ನಲ್ಲಿ ಎರಡನೇ ಕೈಯನ್ನು ಮೊದಲ ಕೈಗೆ ಸಮಾನಾಂತರವಾಗಿ ಇಡುವುದಕ್ಕಿಂತ ಬೆರಳುಗಳು ಒಳಕ್ಕೆ ತಿರುಗಿ ಎರಡೂ ಸೇರಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಾಣುವಂತೆ ಇಟ್ಟರೆ ಮೊಣಕೈ, ಮಣಿಗಂಟಿನ ಮೇಲಿನ ಹೊರೆ ಕಡಿಮೆ. ಕೋಚ್ ಹತ್ತಿರ ಇದನ್ನು ವಿಚಾರಿಸಿ. ಅವಳು ನೋವು ತಪ್ಪಿಸಲು ಕೈ ಹೊರಕ್ಕೆ ತಿರುಗಿಸಿ ಇಡುವ ರೂಢಿ ಮಾಡಿಕೊಂಡಿದ್ದರೆ ಈಗಲೇ ತಿದ್ದಬೇಕು.

ಇನ್ನು ಲೆಕ್ಕ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿದಿನ ಅಂಗೈ ಎಷ್ಟು ಸಲ ನೆಲಕ್ಕೆ ಬಿತ್ತು ಅಂತ ಅವಳೇ ಬರೆಯಲಿ. ಎಷ್ಟು ಗಂಟೆ ತರಬೇತಿ ಅನ್ನುವುದು ಇಲ್ಲಿ ಏನೂ ಹೇಳುವುದಿಲ್ಲ. ಒಂದು ಗಂಟೆಯಲ್ಲಿ ಹತ್ತು ರೌಂಡ್ ಆಫ್ ಆಗಬಹುದು, ಎಂಬತ್ತೂ ಆಗಬಹುದು. ಮೊದಲ ವಾರ ವಾರಕ್ಕೆ ಮೂರೇ ದಿನ, ದಿನ ಬಿಟ್ಟು ದಿನ, ಇಪ್ಪತ್ತರ ಒಳಗೆ. ಒಂದು ವಾರದಲ್ಲಿ ಒಂದನ್ನೇ ಬದಲಾಯಿಸಿ: ಒಂದೋ ಸಂಖ್ಯೆ ಹೆಚ್ಚಾಗಲಿ, ಇಲ್ಲವೇ ಹೊಸ ಕೌಶಲ ಬರಲಿ, ಇಲ್ಲವೇ ಗಟ್ಟಿ ನೆಲಕ್ಕೆ ಹೋಗಲಿ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ನೋವು ಬಂತು ಅಂತಲೇ ತಿಳಿಯುವುದಿಲ್ಲ. ನೋವನ್ನೂ ಮೂರು ಹೊತ್ತು ಬರೆಯಲಿ, ಮಾಡುವಾಗ, ಮಲಗುವ ಮೊದಲು, ಮರುದಿನ ಬೆಳಿಗ್ಗೆ. ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ನೋವಾದರೆ ಹತ್ತರಲ್ಲಿ ಎರಡು ಮೂರು ಇದ್ದರೂ ಪರವಾಗಿಲ್ಲ ಅಂತ ನಾವು ಮುಂದುವರಿಸುತ್ತೇವೆ. ಗ್ರೋತ್ ಪ್ಲೇಟಿಗೆ ಆ ರಿಯಾಯಿತಿ ಇಲ್ಲ. ಸ್ವಲ್ಪ ನೋವು ಕಂಡರೂ ಒಂದು ಮೆಟ್ಟಿಲು ಕೆಳಗಿಳಿದು, ಮೂರು ನಾಲ್ಕು ದಿನ ಅಲ್ಲಿದ್ದು ಮತ್ತೆ ಹತ್ತಬೇಕು.

ಮನೆಯಲ್ಲಿ ಮಾಡುವುದೂ ಆ ಲೆಕ್ಕಕ್ಕೆ ಬರಬೇಕು. ನೋವು ಶುರುವಾದದ್ದು ಮಳೆಗಾಲದಲ್ಲಿ ಅಂತ ನೀವು ಬರೆದದ್ದು ನೋಡಿ ನನಗೆ ಮೊದಲು ಹೊಳೆದದ್ದು ಇದು. ಜೂನ್, ಜುಲೈಯಲ್ಲಿ ಇಲ್ಲಿ ಅಂಗಳಕ್ಕೆ ಇಳಿಯುವ ಹಾಗಿಲ್ಲ, ಬಸ್ಸು ತಪ್ಪಿ ಕ್ಲಾಸೂ ತಪ್ಪುತ್ತದೆ. ಮಕ್ಕಳು ಚಾವಡಿಯ ಟೈಲ್ಸ್ ಮೇಲೆ, ಶಾಲೆಯ ಜಗಲಿಯ ಸಿಮೆಂಟಿನ ಮೇಲೆ ಕಾರ್ಟ್‌ವೀಲ್ ಹೊಡೆಯುತ್ತಾರೆ. ಅಂತಾರಾಷ್ಟ್ರೀಯ ಸ್ಪರ್ಧೆಯ 12 ಮೀಟರ್ ಚೌಕದ ಫ್ಲೋರಿನ ಕೆಳಗೆ ಸ್ಪ್ರಿಂಗ್ ಇರುತ್ತದೆ, ಹೊಡೆತದ ಒಂದು ಭಾಗವನ್ನು ನೆಲವೇ ನುಂಗುತ್ತದೆ. ನಮ್ಮಲ್ಲಿ ಹೆಚ್ಚಿನ ಕಡೆ ಇರುವುದು ಸಿಮೆಂಟಿನ ಮೇಲೆ ಹಾಸಿದ ತೆಂಗಿನ ನಾರಿನ ಮ್ಯಾಟು, ಬಳಸಿ ಬಳಸಿ ತೆಳುವಾದದ್ದು. ಇದ್ದದ್ದರಲ್ಲೇ ಸಾಗಬೇಕಾದ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಾದರೆ ಎಣಿಕೆ ಕಡಿಮೆ ಮಾಡಲೇಬೇಕು. ಮನೆಯ ಟೈಲ್ಸ್ ಮೇಲೆ ಕೈ ಊರುವುದನ್ನು ಪೂರ್ತಿ ನಿಲ್ಲಿಸಿ.

ಮಣಿಗಂಟಿಗೆ ಹಾಕುವ ಗಾರ್ಡ್ ಬಗ್ಗೆ ಒಂದು ಮಾತು. ಬಟ್ಟೆಯ ಬ್ಯಾಂಡೇಜಿಗಿಂತ, ಹಿಂಬದಿಯಲ್ಲಿ ಗಟ್ಟಿ ಪಟ್ಟಿ ಇರುವ ಜಿಮ್ನಾಸ್ಟಿಕ್ಸ್ ಗಾರ್ಡ್ ಮಣಿಗಂಟು ಅತಿಯಾಗಿ ಮಡಚುವುದನ್ನು ಸ್ವಲ್ಪ ತಡೆಯುತ್ತದೆ. ಬೀಳುವ ಭಾರದ ಹಂತಕ್ಕೆ ಬಂದಾಗ ಕೆಲವು ತಿಂಗಳು ಬಳಸಲಿ, ಬೇಡ ಅನ್ನುವುದಿಲ್ಲ. ನೋವಿರುವಾಗ ಅದನ್ನು ಬಿಗಿದು ಆಡುವುದು ಬೇರೆ ಮಾತು, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನೋವಿನ ಮಾತ್ರೆ ನುಂಗಿ ತರಬೇತಿಗೆ ಕಳಿಸುವುದಕ್ಕೂ ಇಲ್ಲ.

ಅವಳ ಎತ್ತರವನ್ನು ತಿಂಗಳಿಗೊಮ್ಮೆ ಗೋಡೆಯ ಮೇಲೆ ಗುರುತು ಹಾಕಿ ಬರೆದಿಡಿ. ಹುಡುಗಿಯರು ಸಾಮಾನ್ಯವಾಗಿ 11ರಿಂದ 13ರ ನಡುವೆ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಾರೆ, ವರ್ಷಕ್ಕೆ ಏಳೆಂಟು ಸೆಂಟಿಮೀಟರ್ ಆಗುವುದುಂಟು. ಆ ತಿಂಗಳುಗಳಲ್ಲಿ ಗ್ರೋತ್ ಪ್ಲೇಟ್ ಅತ್ಯಂತ ಸೂಕ್ಷ್ಮ. ಗುರುತು ಜೋರಾಗಿ ಮೇಲೇರುತ್ತಿದ್ದರೆ ಹೊಸ ಕೌಶಲ ಕಲಿಸಬೇಡಿ, ಸಂಖ್ಯೆಯನ್ನೂ ತಗ್ಗಿಸಿ. ಊಟದ ವಿಷಯದಲ್ಲಿ ತೂಕ ಹೆಚ್ಚೀತು ಅಂತ ಅನ್ನ ಕಡಿಮೆ ಮಾಡುವ ಮಾತು ಮನೆಯಲ್ಲಾಗಲಿ ತರಬೇತಿಯಲ್ಲಾಗಲಿ ಬರಬಾರದು. ಹೊಟ್ಟೆ ತುಂಬ ಉಣ್ಣದ ಮಗುವಿನ ಎಲುಬು ಗುಣವಾಗಲು ತಡ. ಬೂತಾಯಿ ಮೀನೋ ಮೊಟ್ಟೆಯೋ, ಸಸ್ಯಾಹಾರಿಗಳಾದರೆ ಹಾಲು, ಮೊಸರು, ಬೇಳೆ, ರಾಗಿ ದಿನವೂ ಸಿಗಲಿ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಮುಟ್ಟು 15 ವರ್ಷ ತುಂಬಿದರೂ ಶುರುವಾಗದಿದ್ದರೆ, ಅಥವಾ ಶುರುವಾಗಿ ತಿಂಗಳುಗಟ್ಟಲೆ ನಿಂತರೆ, ಆಟದವರಿಗೆ ಹಾಗೆಯೇ ಅಂತ ಬಿಡದೆ ವೈದ್ಯರಿಗೆ ತೋರಿಸಿ.

ಗಡಿನಾಡಿನವರಿಗೆ ಇನ್ನೊಂದು ತೊಡಕು ಇದೆ. ಡಾಕ್ಟರು ಮಂಗಳೂರಿನಲ್ಲಿ, ಚೀಟಿ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡ ಅಥವಾ ತುಳು, ಕೋಚ್ ಮಾತಾಡುವುದು ಮಲಯಾಳಂ. "ಸ್ವಲ್ಪ ಸ್ವಲ್ಪ ಶುರು ಮಾಡಬಹುದಂತೆ" ಅಂತ ಮಗುವಿನ ಬಾಯಿಂದ ಕೋಚಿಗೆ ತಲುಪುವಾಗ ಅದು "ಈಗ ಎಲ್ಲ ಮಾಡಬಹುದು" ಆಗಿರುತ್ತದೆ. ಮಗುವಿಗೆ ಆಡುವ ಆಸೆ, ತಪ್ಪು ಅದರದ್ದಲ್ಲ. ಫಿಸಿಯೋ ಕೈಯಲ್ಲಿ ಒಂದೇ ಪುಟ ಬರೆಸಿ: ಈ ಎರಡು ವಾರ ಯಾವುದು ಮಾಡಬಹುದು, ಯಾವುದು ಮಾಡಬಾರದು, ದಿನಕ್ಕೆ ಎಷ್ಟು. ಗೊತ್ತಿದ್ದವರಿಂದ ಅದನ್ನು ಮಲಯಾಳಂನಲ್ಲಿ ಬರೆಸಿ ಕೋಚಿನ ಕೈಗೇ ಕೊಡಿ, ಎರಡು ವಾರಕ್ಕೊಮ್ಮೆ ಬದಲಾಯಿಸಿ. ಕೋಚ್ ಜತೆ ಜಗಳ ಬೇಡ. ಅವರಿಗೆ ಮಗುವಿನ ಕೌಶಲ ಗೊತ್ತು, ಫಿಸಿಯೋಗೆ ಎಲುಬು ಗೊತ್ತು. ಇಬ್ಬರಿಗೂ ಒಂದೇ ಹಾಳೆ ಇದ್ದರೆ ಕೆಲಸ ನಡೆಯುತ್ತದೆ.

ಹೀಗೆ ನಿಧಾನ ಮಾಡಿದರೆ ಹಿಂದೆ ಬೀಳುತ್ತಾಳೆ ಅನ್ನುವ ಚಿಂತೆ ನಿಮಗೂ ಅವಳಿಗೂ ಇರುತ್ತದೆ. ಮಹಿಳೆಯರ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಅಂತಾರಾಷ್ಟ್ರೀಯ ಸೀನಿಯರ್ ಮಟ್ಟಕ್ಕೆ ಆ ವರ್ಷ 16 ತುಂಬಬೇಕು. ಅವಳಿಗಿನ್ನೂ 12. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟಿನಲ್ಲಿ ನಾಲ್ಕನೇ ಸ್ಥಾನ ಪಡೆದ ದೀಪಾ ಕರ್ಮಾಕರ್ ಅವರಿಗೆ 2017ರಲ್ಲಿ ಮಂಡಿಯ ಎಸಿಎಲ್ ಲಿಗಮೆಂಟಿನ ಶಸ್ತ್ರಚಿಕಿತ್ಸೆ ಆಯಿತು. ವರ್ಷ ಮೀರಿದ ಮೇಲೆ, 2018ರ ಜುಲೈಯಲ್ಲಿ, ಟರ್ಕಿಯ ಮೆರ್ಸಿನ್‌ನಲ್ಲಿ ವಾಲ್ಟಿನ ಚಿನ್ನ ಗೆದ್ದರು. ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಮಂಡಿ ಮತ್ತೆ ತೊಂದರೆ ಕೊಟ್ಟಿತು. 2024ರಲ್ಲಿ ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್ ಆದಾಗ ಅವರಿಗೆ 30 ವರ್ಷ. ಗಾಯದಿಂದ ಮರಳುವ ದಾರಿ ಅಷ್ಟು ದೊಡ್ಡ ಆಟಗಾರ್ತಿಗೂ ನೇರವಾಗಿ ಇರಲಿಲ್ಲ ಅಂತ ಅವಳಿಗೆ ಹೇಳಿ. ಈ ವರ್ಷದ ಶಾಲಾ ಸ್ಪರ್ಧೆಯನ್ನು ಬಿಟ್ಟುಬಿಡಿ. ಮುಂದಿನ ವರ್ಷ ಅವಳು ಎಂಟನೇ ತರಗತಿ, ಸಮಯ ಇದೆ.

ಕಾಯದೆ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ ಅಂದರೆ: ರಾತ್ರಿ ನೋವಿನಿಂದ ಎಚ್ಚರವಾದರೆ, ಬಾವು ಬಂದರೆ, ಬಿದ್ದ ಮೇಲೆ ಹಠಾತ್ತನೆ ನೋವು ಹೆಚ್ಚಿದರೆ, ಕೈ ಊರದೆ ಮೂರು ತಿಂಗಳಾದರೂ ಒತ್ತಿದಾಗ ನೋಯುತ್ತಿದ್ದರೆ, ಇಲ್ಲವೇ ನೋವು ಹೆಬ್ಬೆರಳಿನ ಕಡೆಯಿಂದ ಕಿರುಬೆರಳಿನ ಕಡೆಗೆ ಸರಿದರೆ. ಕೊನೆಯದಕ್ಕೆ ಎಂಆರ್‌ಐ ಬೇಕಾಗಬಹುದು. ಮುಂದಿನ ಎಕ್ಸ್‌ರೇ ತೆಗೆಸುವಾಗ ಎರಡೂ ಮಣಿಗಂಟುಗಳದ್ದು ತೆಗೆಯಲು ಕೇಳಿಕೊಳ್ಳಿ. ಎಡಗೈಗೂ ಅಷ್ಟೇ ಭಾರ ಬಿದ್ದಿರುತ್ತದೆ, ನೋವಿಲ್ಲದೆಯೂ ಬದಲಾವಣೆ ಇರಬಹುದು. ಹಳೆಯ ಫಿಲ್ಮನ್ನು ಮರೆಯದೆ ಒಯ್ಯಿರಿ, ಪದರ ಎಷ್ಟು ಕೂಡಿಕೊಂಡಿದೆ ಅಂತ ಅದರ ಜತೆ ಹೋಲಿಸಿಯೇ ಹೇಳಬೇಕಾಗುತ್ತದೆ.